ಮೇಲ್ದರ್ಜೀಕರಣೋತ್ತರ ಟರ್ಮಿನಲ್ ಮೌನ: ಭೀಮಾತೀರದ ಮೂರು ತಾಲ್ಲೂಕುಗಳನ್ನು ಅನುಲಕ್ಷಿಸಿ ಒಂದು ಬಹುಶಿಸ್ತೀಯ ವಿವೇಚನೆ

1. ಪ್ರಸ್ತಾವನೆ

ಲಿನಕ್ಸ್ ಆಧಾರಿತ ಗಣಕ ವ್ಯವಸ್ಥೆಯನ್ನು ಮೇಲ್ದರ್ಜೆಗೇರಿಸಿದ ತರುವಾಯ ಟರ್ಮಿನಲ್ ಹಾಗೂ ಕಡತಗಳ ನೆಲೆಯಲ್ಲಿ ಉದ್ಭವಿಸುವ ಸ್ಥಿತ್ಯಂತರಗಳನ್ನು ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಪರಿಪ್ರೇಕ್ಷ್ಯದಲ್ಲಿ ಅಂತರಶಿಸ್ತೀಯವಾಗಿ, ಬಹುಶಿಸ್ತೀಯವಾಗಿ, ವೇಳೆ ಉಳಿದರೆ ಶಿಸ್ತಾಗಿಯೂ ವಿವೇಚಿಸುವ ವಿನಮ್ರ ಪ್ರಯತ್ನವಿದು. ಈ ಮೂರು ತಾಲ್ಲೂಕುಗಳನ್ನೇ ಆಯ್ದುಕೊಳ್ಳಲು ಸೈದ್ಧಾಂತಿಕ ಕಾರಣ, ಇವು ಪರಿಧಿಯ ಪರಿಧಿಗಳು. ಪ್ರಾಯೋಗಿಕ ಕಾರಣ, ಮೂರಕ್ಕೂ ಕಲಬುರಗಿಯಿಂದ ಬಸ್ಸುಂಟು. ಕ್ಷೇತ್ರಕಾರ್ಯ ಮುಗಿಸಿ ರಾತ್ರಿ ಊಟಕ್ಕೆ ಮನೆ ಸೇರಬಹುದು.

ಆಳಂದ ಭೀಮಾತೀರದಲ್ಲಿಲ್ಲ ಎಂಬ ಆಕ್ಷೇಪ ಬರಬಹುದು. ಆಳಂದ ತಾಲ್ಲೂಕಿನ ಅಮರ್ಜಾ ನದಿ ಹರಿದು ಬಂದು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಆದಕಾರಣ ಆಳಂದವೂ ತಾತ್ತ್ವಿಕವಾಗಿ ಭೀಮಾತೀರವೇ. ವಿಚಾರ ಸಂಕಿರಣಗಳಲ್ಲಿ ಇದಕ್ಕಿಂತ ತೆಳುವಾದ ವಾದಗಳಿಗೆ ಶಾಲು ಹೊದಿಸಿದ್ದಾರೆ.

ಕಾಲಘಟ್ಟದ ಮಾತು. 1991ರ ಆಗಸ್ಟಿನಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತಾನೊಂದು ಕಾರ್ಯಾಚರಣ ವ್ಯವಸ್ಥೆ ಬರೆಯುತ್ತಿರುವುದಾಗಿ ಸಾರಿದ. ಅದೇ ಅಕ್ಟೋಬರಿನಲ್ಲಿ ಹೊರಬಂದ ಯೂನಿಕೋಡ್ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೂ ಜಾಗ ಸಿಕ್ಕಿತು. ಹೀಗೆ ಲಿನಕ್ಸೂ ಕನ್ನಡ ಯೂನಿಕೋಡೂ ಓರಗೆಯವು. ಮೂರು ದಶಕ ಕಳೆದರೂ ಇವೆರಡೂ ಟರ್ಮಿನಲ್ಲಿನಲ್ಲಿ ಸರಿಯಾಗಿ ಮಾತಾಡಿಕೊಂಡಿಲ್ಲ ಎಂಬುದೇ ಈ ಪ್ರಬಂಧದ ಗೃಹೀತ.

ಮೇಲ್ದರ್ಜೆಗೇರಿಸದೆ ಸುಮ್ಮನಿರಬಾರದೇಕೆ ಎಂಬ ಪೂರ್ವಪಕ್ಷವಿದೆ. ಲಿನಕ್ಸಿನ ಒಂದು ರೂಪವಾದ ಉಬುಂಟು 20.04ರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೆ ಮುಗಿಯಿತು. ಪೂರ್ವಪಕ್ಷ ನಿರಾಕೃತ.

2. ಪರಿಭಾಷಾ ನಿರ್ಣಯ

ತಹಸೀಲ್ ಕಚೇರಿಯ ಆಸುಪಾಸಿನ ಯಾವುದೇ ಆನ್‌ಲೈನ್ ಅಂಗಡಿಯನ್ನು ಕಲ್ಪಿಸಿಕೊಳ್ಳಿ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ತೊಗರಿ ಬೆಳೆವಿಮೆ ಎಂದು ಪಾಳಿ ನಿಂತಿದೆ. ಮಾಲೀಕ ಹೇಳುತ್ತಾನೆ: “ಕರೀ ಕಿಡಕಿ ತೆರಿವಲ್ದ್ರೀ ಸರ.” ಇದನ್ನು ಇಲ್ಲಿ ‘ಆಜ್ಞಾಗ್ರಾಹಕ ಗವಾಕ್ಷದ ಉದ್ಘಾಟನಾ ವೈಮುಖ್ಯ’ ಎಂದು ವ್ಯವಹರಿಸಲಾಗಿದೆ. “ಕಾಗದಾ ಎಲ್ಲಾ ಹೋಗ್ಯಾವ್ರೀ” ಎಂಬುದು ‘ಕಡತೀಯ ಉಪಸ್ಥಿತಿಯ ಪ್ರತೀತ ಅಭಾವ’. “ನಿನ್ನಿತನಾ ಛಲೋ ಇತ್ತು” ಎಂಬುದು ‘ಪೂರ್ವಸ್ಥಿತಿ ಸ್ಮೃತಿಮೋಹ’. ಹೀಗೆ ಹೆಸರಿಟ್ಟದ್ದರಿಂದ ಕಿಡಕಿ ತೆರೆಯಿತೇ ಎಂಬ ಪ್ರಶ್ನೆ ಅಧ್ಯಯನದ ವ್ಯಾಪ್ತಿಗೆ ಹೊರತು.

3. ಸಪ್ತವಿಧ ವರ್ಗೀಕರಣ

ವೈಕಲ್ಯಗಳನ್ನು ಏಳು ಪ್ರಭೇದಗಳಾಗಿ ವಿಂಗಡಿಸಲಾಗಿದೆ. ಪ್ರತಿ ಪ್ರಭೇದಕ್ಕೂ ಮೂರು ಉಪಪ್ರಭೇದಗಳಿದ್ದು, ಒಟ್ಟು ಇಪ್ಪತ್ತೊಂದು ಕೋಷ್ಟಕದಲ್ಲಿ ಬಹಳ ಚೆನ್ನಾಗಿ ಕಾಣುತ್ತವೆ.

3.1 ಉದ್ಘಾಟನಾ ವೈಮುಖ್ಯ. ಗುಂಡಿ ಒತ್ತಿದರೆ ಕರ್ಸರು ಒಂದಿಷ್ಟು ಹೊತ್ತು ತಿರುಗಿ ಸುಮ್ಮನಾಗುತ್ತದೆ, ಕಿಡಕಿ ಬರುವುದಿಲ್ಲ. ಕಾರಣ ಬಹುಮಟ್ಟಿಗೆ ಎರಡರಲ್ಲಿ ಒಂದು. ವ್ಯವಸ್ಥೆಯ ಭಾಷೆ-ಪ್ರದೇಶದ ಸಿದ್ಧತೆ, ಅಂದರೆ ಲೊಕೇಲ್, ಕೆಟ್ಟಿರುತ್ತದೆ. ಕರೀ ಕಿಡಕಿಯ ಗ್ನೋಮ್ ಟರ್ಮಿನಲ್ ಯೂನಿಕೋಡಿನ ಯುಟಿಎಫ್-8 ಅಲ್ಲದ ಲೊಕೇಲನ್ನು ಒಪ್ಪುವುದಿಲ್ಲ. ಇಲ್ಲವೇ ಯಾರೋ ಉತ್ಸಾಹಿ ವ್ಯವಸ್ಥೆಯ ಪೈಥಾನನ್ನು ಬೇರೆ ಆವೃತ್ತಿಗೆ ತಿರುಗಿಸಿರುತ್ತಾನೆ. ಉಬುಂಟುವಿನಲ್ಲಿ ಈ ಟರ್ಮಿನಲ್ಲನ್ನು ಎಬ್ಬಿಸುವ ಪುಟ್ಟ ಸ್ಕ್ರಿಪ್ಟು ಪೈಥಾನಿನದು. ಉಪಾಯ: ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ಬರುವ ಕಪ್ಪು ಪರದೆಯಲ್ಲಿ ಲಾಗಿನ್ ಆಗಿ, ಲೊಕೇಲನ್ನು ಮತ್ತೆ ಹುಟ್ಟಿಸುವುದು.

ಆದರೆ ಆ ಕಪ್ಪು ಪರದೆಯ ಅಚ್ಚಿನ ಪೆಟ್ಟಿಗೆಯಲ್ಲಿ ಹಿಡಿಯುವುದು ಹೆಚ್ಚೆಂದರೆ 512 ಆಕೃತಿಗಳು, ಅವುಗಳಲ್ಲಿ ಕನ್ನಡವಿಲ್ಲ. ಗಣಕವನ್ನು ಕನ್ನಡಕ್ಕೆ ಹೊಂದಿಸಿಕೊಂಡವನು ಕಡತಗಳ ಪಟ್ಟಿ ಕೇಳಿದರೆ, ತಾರೀಖಿನ ಪಕ್ಕದ ತಿಂಗಳ ಹೆಸರು ಬರೀ ಚೌಕಗಳಾಗಿ ಬರುತ್ತದೆ. ಕಡತಕ್ಕೆ ಕನ್ನಡದಲ್ಲಿ ಹೆಸರಿಟ್ಟಿದ್ದರೆ ಅದೂ ಚೌಕ. ರಿಪೇರಿಗೆಂದು ಹೋದ ಜಾಗದಲ್ಲಿ ಓದಲಿಕ್ಕೇ ಬರದಂತಾಯಿತು.

3.2 ವಿದ್ಯುದ್ವಿಯೋಗಜನ್ಯ ಅಪೂರ್ಣತೆ. ಅಪ್‌ಗ್ರೇಡ್ ಅರ್ಧಕ್ಕೆ ಬಂದಾಗ ಕರೆಂಟು ಹೋಗುವುದು. ಕ್ಷೇತ್ರಕಾರ್ಯದ ಪ್ರಶ್ನಾವಳಿಯಲ್ಲಿ “ಯುಪಿಎಸ್ ಇದೆಯೇ?” ಎಂದು ಕೇಳಿದ್ದಕ್ಕೆ ಸಿಕ್ಕ ಉತ್ತರ: “ಅದ ರೀ. ಬ್ಯಾಟರಿ ಇಲ್ಲ.” ಮತ್ತೆ ಚಾಲೂ ಮಾಡಿದಾಗ ಅರ್ಧ ಹಳೆಯದು, ಅರ್ಧ ಹೊಸದು. ಪ್ಯಾಕೇಜುಗಳನ್ನು ನೋಡಿಕೊಳ್ಳುವ ಡಿಪಿಕೆಜಿಗೆ ‘ಬಾಕಿ ಉಳಿದದ್ದನ್ನೆಲ್ಲ ಮುಗಿಸು’ ಎಂದು ಒಂದೇ ಸಾಲಿನಲ್ಲಿ ಹೇಳಿದರೆ ಎಷ್ಟೋ ಸಲ ಎದ್ದು ಕೂಡುತ್ತದೆ. ಡಿಸ್ಕಿಗೇ ಪೆಟ್ಟಾಗಿದ್ದರೆ ‘ಇನಿಟ್‌ರಾಮ್‌ಎಫ್‌ಎಸ್’ ಎಂಬ ಹೆಸರಿನ ಮುಂದೆ ಕರ್ಸರು ಮಿಟುಕುತ್ತಾ ನಿಲ್ಲುತ್ತದೆ. ಅಲ್ಲಿ ಡಿಸ್ಕನ್ನು ತಪಾಸಣೆ ಮಾಡುವ ಎಫ್‌ಎಸ್‌ಸಿಕೆ ಓಡಿಸಬೇಕು. ಅದು ಹೆಸರು ಕಳೆದುಕೊಂಡ ಕಡತಗಳನ್ನು ‘ಲಾಸ್ಟ್ ಪ್ಲಸ್ ಫೌಂಡ್’ ಎಂಬ ಡೈರೆಕ್ಟರಿಗೆ ತಂದು ಹಾಕುತ್ತದೆ, ಬರೀ ನಂಬರು ಹಚ್ಚಿ. ಅದರಲ್ಲಿ ಯಾವುದು ಯಾರ ಜಮೀನಿನ ಅರ್ಜಿ ಎಂದು ಒಂದೊಂದನ್ನೇ ತೆರೆದು ನೋಡಬೇಕು. ಇದಕ್ಕೆ ಸಿದ್ಧಾಂತವಿಲ್ಲ, ತಾಳ್ಮೆ ಬೇಕು.

3.3 ಸ್ವಗೃಹ ಪರಕೀಯತೆ. ತನ್ನ ಕಡತ, ತನ್ನ ಹೆಸರಿನ ಫೋಲ್ಡರು. ತೆರೆದರೆ ಅನುಮತಿ ಇಲ್ಲ ಎನ್ನುತ್ತದೆ. ಯಾವಾಗಲೋ ರೂಟ್ ಎಂಬ ಸರ್ವಾಧಿಕಾರಿಯ ಅಧಿಕಾರ ಕೊಡುವ ಸೂಡೊ ಹಚ್ಚಿ ಫೈಲ್ ಮ್ಯಾನೇಜರು ತೆರೆದು ನಕಲು ಮಾಡಿದ್ದರ ಫಲ ಇದು. ಕಡತದ ಒಡೆತನ ರೂಟ್ ಹೆಸರಿಗೆ ಹೋಗಿದೆ. ಯುನಿಕ್ಸ್ ಪರಂಪರೆಯಲ್ಲಿ ಲೋಕದ ಜನ ಮೂರು ಬಗೆ: ಮಾಲೀಕ, ಗುಂಪು, ಇತರರು. ಓದಲು 4, ಬರೆಯಲು 2, ಓಡಿಸಲು 1. ಈ ಕೂಡಿಸುವ ಲೆಕ್ಕ ಮೂರನೇ ಇಯತ್ತೆಯ ಹುಡುಗಿಗೂ ಬರುತ್ತದೆ. ಒಡೆತನವನ್ನು ಹಿಂದಿರುಗಿಸಲು ‘ಚೌನ್’ ಎಂಬ ಒಂದು ಆಜ್ಞೆ ಸಾಕು.

ಇಲ್ಲಿ ಪ್ರಬಂಧಕಾರನಿಗೆ ಶೈಲಿ ಕೈಕೊಡುತ್ತಿದೆ. ಏಕೆಂದರೆ ಈ ಅಂಗಡಿಗಳ ಹುಡುಗರಿಗೆ ಸಿಗುವ ಸಲಹೆ ಚೌನ್ ಅಲ್ಲ. “ಎಲ್ಲದಕ್ಕೂ 777 ಹಾಕು, ಇಡೀ ವ್ಯವಸ್ಥೆಗೆ ಹಾಕು” ಎಂಬ ಸಲಹೆ; ಅಂದರೆ ಮೂರೂ ಬಗೆಯವರಿಗೆ ಓದುವ, ಬರೆಯುವ, ಓಡಿಸುವ ಅನುಮತಿ. ಎಲ್ಲಿಯೋ ಎಸಿ ಕೋಣೆಯಲ್ಲಿ ಕೂತವನು ಅರೆಗಳಿಗೆಯಲ್ಲಿ ಬರೆದು ಎದ್ದುಹೋದ. ಜೇವರ್ಗಿಯ ಹುಡುಗ ನಂಬಿ ಹೊಡೆದ. ಸೂಡೊಗೆ ಬೇಕಾದ ವಿಶೇಷ ಗುರುತು ಅಳಿಸಿಹೋಗಿ ಸೂಡೊ ಕೆಲಸ ನಿಲ್ಲಿಸಿತು. ಈಗ ತಪ್ಪನ್ನು ತಿದ್ದುವ ಅಧಿಕಾರವೂ ಅವನಿಗಿಲ್ಲ. ಇನ್ನು ಕೆಲವರಿಗೆ ತಮಾಷೆ ಬೇರೆ. ಇಡೀ ಡಿಸ್ಕು ಅಳಿಸುವ ಆಜ್ಞೆಯನ್ನು ಪರಿಹಾರ ಎಂದು ಕೊಟ್ಟು ನಗುವವರು. ಪಾಳಿಯಲ್ಲಿ ನಿಂತ ಮುದುಕ ಬೆಳೆವಿಮೆಯ ಕೊನೇ ದಿನಾಂಕ ಹಿಡಿದುಕೊಂಡು ಬಂದಿದ್ದಾನೆ. ಅವನಿಗೆ ಈ ತಮಾಷೆ ಅರ್ಥ ಮಾಡಿಸುವವರು ಯಾರು? “ಮ್ಯಾನುಯಲ್ ಓದಿಲ್ಲವೇ?” ಎಂದು ಗದರಿಸುವ ಪಂಡಿತರೇ, ಆ ಮ್ಯಾನುಯಲ್ಲು ಯಾವ ಭಾಷೆಯಲ್ಲಿದೆ ಎಂದು ನೋಡಿದ್ದೀರಾ?

ಶೈಲಿಗೆ ಮರಳೋಣ.

3.4 ಡೈರೆಕ್ಟರಿ ದ್ವೈತ. ಅಪ್‌ಗ್ರೇಡಿನ ಗದ್ದಲದಲ್ಲಿ ಭಾಷೆ ಬದಲಾದರೆ, ಅಥವಾ ಅಭಿಮಾನದಿಂದ ಕನ್ನಡಕ್ಕೆ ಬದಲಿಸಿದರೆ, ಮುಂದಿನ ಲಾಗಿನ್ನಿನಲ್ಲಿ ವ್ಯವಸ್ಥೆ ಕೇಳುತ್ತದೆ: ದಸ್ತಾವೇಜು, ಚಿತ್ರ, ಡೌನ್‌ಲೋಡು ಮುಂತಾದ ಫೋಲ್ಡರುಗಳ ಹೆಸರನ್ನೂ ಹೊಸ ಭಾಷೆಗೆ ಬದಲಿಸಲೇ? ಯಾರು ಬೇಡವೆನ್ನುತ್ತಾರೆ? ಒಪ್ಪಿದೊಡನೆ ಕನ್ನಡ ಹೆಸರಿನ ಹೊಸ ಫೋಲ್ಡರುಗಳು ಬರುತ್ತವೆ. ಹಳೆಯ ಕಡತಗಳು ಇಂಗ್ಲಿಷ್ ಹೆಸರಿನ ಹಳೆಯ ಫೋಲ್ಡರಿನಲ್ಲೇ ಕೂತಿರುತ್ತವೆ. ಕಡತಗಳು ತಾವಾಗಿ ಬರುವುದಿಲ್ಲ ಎಂದು ಆ ಕಿಟಕಿಯಲ್ಲೇ ಸಣ್ಣಗೆ ಬರೆದಿರುತ್ತಾರೆ, ಓದಿದವರಿಲ್ಲ. “ಎಲ್ಲಾ ಹೋಗ್ಯಾವ” ಎಂಬ ಕೂಗು ಇಲ್ಲಿಯದು. ಏನೂ ಹೋಗಿಲ್ಲ ಮಾರಾಯರೇ, ಹೋಮ್ ಫೋಲ್ಡರಿಗೆ ಹೋಗಿ ನೋಡಿ. ಈ ಒಂದು ವಾಕ್ಯ ಗೊತ್ತಿಲ್ಲದೆ ಡಿಸ್ಕನ್ನೇ ಫಾರ್ಮ್ಯಾಟ್ ಹೊಡೆಸಿದವನಿಗೆ ಮಾತ್ರ ಎಲ್ಲವೂ ನಿಜವಾಗಿ ಹೋಗುತ್ತದೆ.

3.5 ಐದನೆಯದು ಬೂಟ್ ವಿಭಾಗ ತುಂಬಿಕೊಳ್ಳುವುದು. ಹಳೇ ಕರ್ನಲ್ಲುಗಳನ್ನು ಆಟೊರಿಮೂವ್ ಮಾಡಿದರೆ ಜಾಗವಾಗುತ್ತದೆ. ಇದಕ್ಕೆ ಸಂಸ್ಕೃತದ ಹೆಸರಿಡುವ ಉಮೇದು ಉಳಿದಿಲ್ಲ. ಆರು ಮತ್ತು ಏಳನೇ ಪ್ರಭೇದಗಳನ್ನು ಕೋಷ್ಟಕದ ಅಂದಕ್ಕಾಗಿ ಸೇರಿಸಿದ್ದು, ಕೈಬಿಡಲಾಗಿದೆ.

4. ಚರ್ಚೆ

ಮೇಲಿನ ಪ್ರಭೇದಗಳಲ್ಲಿ ಯಾವುದಕ್ಕೇ ಸಹಾಯ ಕೇಳಿ, ಬರುವ ಮೊದಲ ಉತ್ತರ ಒಂದೇ. “ದೋಷಸಂದೇಶ ನಮಗೆ ತಿಳಿಯಬೇಕು, ಮೊದಲು ಭಾಷೆಯನ್ನು ‘ಸಿ’ ಲೊಕೇಲಿಗೆ ಬದಲಿಸಿ.” ತರ್ಕ ಸರಿಯಿದೆ, ಇಂಗ್ಲಿಷಿನ ಸಂದೇಶವಾದರೆ ಹುಡುಕಬಹುದು. ಆದರೆ ಇದರ ಅರ್ಥವೇನೆಂದು ನಮ್ಮ ಯಾವ ಸಂಕಿರಣವೂ ಕೇಳಿಲ್ಲ: ಕಾಯಿಲೆ ಹೇಳಿಕೊಳ್ಳುವ ಮೊದಲು ಕನ್ನಡವನ್ನು ಬಂದ್ ಮಾಡಬೇಕು.

ಬಂದ್ ಮಾಡದೆ ಹಟ ಹಿಡಿದರೆ? ಗ್ನೋಮ್ ಟರ್ಮಿನಲ್ಲಿನೊಳಗೆ ಪ್ರತಿ ಅಕ್ಷರಕ್ಕೂ ಅಳತೆಯ ಚೌಕ. ಅಕ್ಷರಗಳನ್ನು ಕೂಡಿಸಿ ರೂಪ ಕೊಡುವ ಕೆಲಸ ಅದಕ್ಕೆ ಬರುವುದಿಲ್ಲ. ಗಿರಣಿಗೆ ಬಿದ್ದ ತೊಗರಿಯ ಹಾಗೆ ಪ್ರತಿ ಒತ್ತಕ್ಷರವೂ ಒಡೆದು ಎರಡು ಹೋಳಾಗುತ್ತದೆ. ಕೊನ್ಸೋಲ್ ಎಂಬ ಇನ್ನೊಂದು ಟರ್ಮಿನಲ್ಲಿನಂಥದು ಸ್ವಲ್ಪ ವಾಸಿ. ಇದೇ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ರಾಷ್ಟ್ರಕೂಟರು ಆಳುತ್ತಿದ್ದಾಗ, 9ನೇ ಶತಮಾನದಲ್ಲಿ, ಕನ್ನಡದಲ್ಲಿ ಹೇಗೆ ಬರೆಯಬೇಕೆಂಬ ಬಗ್ಗೆಯೇ ಕವಿರಾಜಮಾರ್ಗ ಹುಟ್ಟಿತು. ಅಲ್ಲಿಂದ ಬಸ್ಸು ಹತ್ತಿದರೆ ಒಪ್ಪೊತ್ತಿನಲ್ಲಿ ಮುಟ್ಟುವ ಊರಿನ ಹುಡುಗ ಈಗ ತನ್ನ ಕಡತದ ಹೆಸರನ್ನು ಓದಲಾರ. ನಾವು ಮಾತ್ರ ‘ಕನ್ನಡ ಮತ್ತು ತಂತ್ರಜ್ಞಾನ: ಸವಾಲುಗಳು ಮತ್ತು ಸಾಧ್ಯತೆಗಳು’ ಎಂದು ಬ್ಯಾನರು ಕಟ್ಟಿ, ಒಬ್ಬರಿಗೊಬ್ಬರು ಪ್ರಮಾಣಪತ್ರ ಹಂಚಿಕೊಂಡು, ‘ಸಂಕಥನ’ ಎಂಬ ಪದವನ್ನು ಊಟದ ಹೊತ್ತಿನವರೆಗೆ ಎಳೆದು ಮನೆಗೆ ಹೋಗುತ್ತೇವೆ. ಕಿಡಕಿ ತೆರೆಯದವನಿಗೆ ಕೊಡಲು ಒಂದು ಪುಟದ ಕನ್ನಡ ನಮ್ಮಲ್ಲಿ ಇಲ್ಲ.

5. ಶಿಫಾರಸುಗಳು

ಅಪ್‌ಗ್ರೇಡಿಗೆ ಮುಂಚೆ ಹೋಮ್ ಫೋಲ್ಡರನ್ನು ಬೇರೆ ಡಿಸ್ಕಿಗೆ ನಕಲು ಮಾಡಿ. ಕರೆಂಟು ಗಟ್ಟಿಯಾಗಿರುವ ಹೊತ್ತು ನೋಡಿ ಶುರುಮಾಡಿ. ಹೊಸ ಎಲ್‌ಟಿಎಸ್, ಅಂದರೆ ದೀರ್ಘ ಬೆಂಬಲದ ಆವೃತ್ತಿ, ಬಂದ ದಿನವೇ ಹಾರಬೇಡಿ. ಉಬುಂಟುವೇ ಹಳೆಯ ಎಲ್‌ಟಿಎಸ್‌ನವರಿಗೆ 24.04ನ್ನು ಏಪ್ರಿಲಿನಲ್ಲಿ ಕೊಡದೆ, ಆಗಸ್ಟ್ ಕೊನೆಯಲ್ಲಿ ಬಂದ 24.04.1ರ ತನಕ ಕಾಯಿಸಿತು.

ಇನ್ನು ಬಲ್ಲವರಿಗೆ. ಪರಿಹಾರ ಬರೆಯುವಾಗ ಆಜ್ಞೆಯ ಜೊತೆ ಎರಡು ಸಾಲು ಕನ್ನಡದಲ್ಲಿ ಬರೆಯಿರಿ, ಅಂಗಡಿಯಲ್ಲಿ ಮಾತಾಡುವ ಕನ್ನಡದಲ್ಲಿ. ಒಂದು ಸಾಲು: ಇದನ್ನು ಹೊಡೆದರೆ ಏನಾಗುತ್ತದೆ. ಇನ್ನೊಂದು: ಕೆಟ್ಟರೆ ಹಿಂದಿರುಗುವುದು ಹೇಗೆ. ಎರಡನೆಯ ಸಾಲು ನಿಮಗೇ ಗೊತ್ತಿಲ್ಲದಿದ್ದರೆ, ಆ ಆಜ್ಞೆಯನ್ನು ಇನ್ನೊಬ್ಬರ ಯಂತ್ರಕ್ಕೆ ಕೊಡಬೇಡಿ.