ಉಯ್ಯಾಲೆಯಲ್ಲಿ ಫೋನು

ಪ್ರತಿ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲೂ ಒಬ್ಬರಿರುತ್ತಾರೆ. ಬೆಳಗಿನ ನಮ್ಮ ಶುಭೋದಯಕ್ಕೆ ಅವರ ಶುಭೋದಯ ರಾತ್ರಿ ಒಂಬತ್ತೂವರೆಗೆ ಬರುತ್ತದೆ. ಎಲ್ಲರೂ ಮದುವೆ ಊಟ ಮುಗಿಸಿ, ತಾಂಬೂಲದ ಚೀಲ ಹಿಡಿದು ಮನೆಗೆ ಬಂದು ಕಾಲು ಚಾಚಿದ ಮೇಲೆ "ಛತ್ರ ಎಲ್ಲಿ ಬರುತ್ತೆ?" ಎಂದು ಕೇಳುತ್ತಾರೆ. ಯಾರೋ ಆಸ್ಪತ್ರೆ ಸೇರಿದ ಸುದ್ದಿ, ಬಿಡುಗಡೆಯಾದ ಸುದ್ದಿ ಎರಡೂ ಇವರಿಗೆ ಒಟ್ಟಿಗೇ ತಲುಪುತ್ತವೆ. ಹಾಗಾಗಿ ಮನೆಗೆ ಬಂದು ಉಪ್ಪಿಟ್ಟು ತಿನ್ನುತ್ತಿರುವವರ ಫೋಟೋದ ಕೆಳಗೆ "ಧೈರ್ಯವಾಗಿರಿ, ಯಾವ ವಾರ್ಡು?" ಎಂದು ವಿಚಾರಿಸಿಕೊಳ್ಳುತ್ತಾರೆ. ಇವರು ಸೋಮಾರಿಗಳೆಂದೋ ಮರೆಗುಳಿಗಳೆಂದೋ ತಿಳಿಯಬೇಡಿ. ಇವರ ಹತ್ತಿರ ಹಳೇ ಫೋನಿದೆ, ಅಷ್ಟೆ. ನೋಟಿಫಿಕೇಷನ್ನು ತನಗೆ ಮನಸ್ಸು ಬಂದಾಗ ಬರುತ್ತದೆ.

ಇಂಥವರನ್ನು ಕುರಿತು ಸಾಮಾನ್ಯವಾಗಿ ನಾಲ್ಕು ಮಾತು ಬರೆಯೋಣವೆಂದು ಕೂತೆ. ಸುಳ್ಳೇಕೆ, ಬರೆಯುತ್ತಿರುವುದು ಅರಸೀಕೆರೆಯಲ್ಲಿರುವ ನನ್ನ ಸೋದರಮಾವನ ಬಗ್ಗೆ.

ಮಾವನಿಗೆ ಎಪ್ಪತ್ತನಾಲ್ಕು. ಅವರ ಫೋನಿಗೆ ಒಂಬತ್ತು ನಡೆಯುತ್ತಿದೆ. ಫೋನಿನ ಲೆಕ್ಕದಲ್ಲಿ ಅದೇ ಹಿರಿಯ. ಅದರ ಪ್ಲಾಸ್ಟಿಕ್ ಕವಚ ಒಂದು ಕಾಲಕ್ಕೆ ಪಾರದರ್ಶಕವಾಗಿತ್ತಂತೆ, ಈಗ ಹಿಂದಿನ ದಿನದ ಪೂರಿಯ ಬಣ್ಣಕ್ಕೆ ತಿರುಗಿದೆ. ಹಿಂಬದಿಯ ಮುಚ್ಚಳ ನಿಲ್ಲಲಿ ಅಂತ ಒಂದು ರಬ್ಬರ್ ಬ್ಯಾಂಡು. ಚಾರ್ಜರ್ ಪಿನ್ನು ಒಂದೇ ಒಂದು ಕೋನದಲ್ಲಿ ಹಿಡಿಯುತ್ತದೆ. ಆ ಕೋನಕ್ಕೆ ಒಂದು ಬೆಂಕಿಪೊಟ್ಟಣವನ್ನು ಒತ್ತುಕೊಡಬೇಕು. ಪ್ರತಿ ವರ್ಷ ಆಯುಧಪೂಜೆಗೆ ಸ್ಕೂಟರು, ಕುಡುಗೋಲು, ಈಳಿಗೆಮಣೆಯ ಜೊತೆ ಫೋನೂ ಕೂರುತ್ತದೆ. ಒಂಬತ್ತು ವರ್ಷದ ಕುಂಕುಮ ಸ್ಪೀಕರಿನ ತೂತುಗಳಲ್ಲಿ ಗಟ್ಟಿಯಾಗಿ, ರಿಂಗಾದರೆ ಪಕ್ಕದ ಮನೆಯಲ್ಲಿ ಯಾರೋ ಮೂಗು ಕಟ್ಟಿಕೊಂಡು ಹಾಡುತ್ತಿರುವಂತೆ ಕೇಳುತ್ತದೆ. ಮಗಳು ಕಳಿಸಿದ ಹೊಸ ಫೋನು ಬೀರುವಿನಲ್ಲಿ, ರೇಷ್ಮೆ ಪಂಚೆಯ ಮಡಿಕೆಯೊಳಗೆ, ಡಬ್ಬಿ ಸಮೇತ ಭದ್ರವಾಗಿದೆ. "ಇದು ನಡೀತಾ ಇದೆಯಲ್ಲೋ" ಎನ್ನುತ್ತಾರೆ ಮಾವ.

ನಡೆಯುತ್ತಿತ್ತು ನಿಜ, ಓಡುತ್ತಿರಲಿಲ್ಲ. ನಮ್ಮ ಗುಂಪಿನಲ್ಲಿ ಬೆಳಿಗ್ಗೆ ಹತ್ತಿಕೊಂಡು ಮಧ್ಯಾಹ್ನದ ಹೊತ್ತಿಗೆ ಆರಿದ ಜಗಳಗಳೆಷ್ಟೋ ಮಾವನ ಕೈಯಲ್ಲಿ ರಾತ್ರಿ ಪುನರ್ಜನ್ಮ ಪಡೆದಿವೆ. ಹೋದ ವರ್ಷ ತಂಗಿಯ ಮನೆಯ ಗೃಹಪ್ರವೇಶಕ್ಕೆ ಹೋಳಿಗೆಯೋ ಚಿರೋಟಿಯೋ ಎಂದು ಎರಡು ಪಕ್ಷವಾಗಿತ್ತು. ಇಬ್ಬರು ಗುಂಪು ಬಿಟ್ಟು, ಒಬ್ಬರು ಅತ್ತು, ಕೊನೆಗೆ ಅಡುಗೆ ಭಟ್ಟರಿಗೆ ಚಿರೋಟಿ ಎಂದು ಹೇಳಿ ಮುಂಗಡವನ್ನೂ ಕೊಟ್ಟಾಗಿತ್ತು. ರಾತ್ರಿ ಹತ್ತು ಮುಕ್ಕಾಲಿಗೆ ಮಾವ ಪ್ರತ್ಯಕ್ಷರಾದರು: "ಚಿರೋಟಿ ಯಾರಿಗೆ ಬೇಕು? ಹೋಳಿಗೆಯೇ ಸರಿ. ಹಿರಿಯನಾಗಿ ನನ್ನ ಮಾತು." ಹನ್ನೊಂದಕ್ಕೆ ಗುಂಪು ಬಿಟ್ಟವರು ಮೂವರಾಗಿದ್ದರು.

ಈ ಕಾಯಿಲೆಗೆ ವೈದ್ಯ ನಾನು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನನಗೆ ಕೆಲಸ. ಅಲ್ಲಿ ನಾನು ನೋಡುವುದು ಸಂಬಳ, ಪಿಎಫ್ ಲೆಕ್ಕ ಎನ್ನುವುದು ನಮ್ಮ ನೆಂಟರಿಗೆ ಗೌಣ. "ಅವನು ಕಂಪ್ಯೂಟರ್‌ನೋನು" ಎಂದು ತೀರ್ಮಾನವಾಗಿ ಇಪ್ಪತ್ತು ವರ್ಷವಾಯಿತು. ಅಲ್ಲಗಳೆಯುವ ಪ್ರಾಮಾಣಿಕತೆ ನನಗೂ ಇರಲಿಲ್ಲ. ಯಾರ ಫೋನು ಕೊಟ್ಟರೂ ಗಂಭೀರವಾಗಿ ಹುಬ್ಬು ಗಂಟಿಕ್ಕಿ ಸೆಟ್ಟಿಂಗ್ಸ್‌ಗೆ ಇಳಿದು, ಬಚ್ಚಲಿಗೆ ಹೋಗುವ ನೆಪದಲ್ಲಿ ನನ್ನ ಫೋನಿನಲ್ಲಿ ಹುಡುಕಿ ನೋಡಿಕೊಂಡು ಬರುತ್ತೇನೆ.

ಮಾವನಿಗೆ ಫೋನಿನಲ್ಲೇ ಚಿಕಿತ್ಸೆ ಹೇಳಲು ಆರು ತಿಂಗಳು ಹೆಣಗಾಡಿದೆ. ನಾನು ಹೇಳುವುದು ಕೇಳಿಸಬೇಕಾದರೆ ಅವರು ಫೋನನ್ನು ಕಿವಿಗಿಡಬೇಕು. ಹೇಳಿದ್ದನ್ನು ಮಾಡಬೇಕಾದರೆ ಕಿವಿಯಿಂದ ತೆಗೆಯಬೇಕು. ಸ್ಪೀಕರ್ ಹಾಕಿ ಅನ್ನೋಣವೆಂದರೆ ಕುಂಕುಮ.

"ಮಾವ, ಬ್ಯಾಟರಿ ಅಂತ ಇದೆಯಾ?"

"ಇದೆಯಲ್ಲೋ, ಹಿಂದ್ಗಡೆ. ರಬ್ಬರ್ ಬ್ಯಾಂಡ್ ತೆಗೀಲಾ?"

"ಅಯ್ಯೋ ಬೇಡಿ! ಸೆಟ್ಟಿಂಗ್ಸ್ ಒಳಗೆ. ಬ್ಯಾಟರಿ ಆಪ್ಟಿಮೈಸೇಷನ್."

ದೀರ್ಘ ಮೌನ. ಆಮೇಲೆ ದೂರದಿಂದ ಅತ್ತೆಯ ದನಿ: "ಅವರು ಕನ್ನಡಕ ಹುಡುಕೋಕೆ ಹೋದ್ರಪ್ಪ. ನಿಂದು ಊಟ ಆಯ್ತಾ?"

ಅತ್ತೆಯದು ಗುಂಡಿಯ ಫೋನು. ಅದರಲ್ಲಿ ವಾಟ್ಸ್ಆ್ಯಪ್ ಇಲ್ಲ, ಗುಂಪಿಲ್ಲ. ಊರಿನ ಸುದ್ದಿಯೆಲ್ಲ ಅವರಿಗೆ ಎಲ್ಲರಿಗಿಂತ ಮೊದಲೇ ತಲುಪಿರುತ್ತದೆ. ಮಾವ ರಾತ್ರಿ ಫೋನು ನೋಡಿ "ಏ, ಕೇಳಿದೆಯಾ!" ಎಂದು ಕೂಗಿದರೆ "ಬೆಳಿಗ್ಗೆನೇ ಮಾತಾಡಿದೆ, ಮಲ್ಕೊಳ್ಳಿ" ಎನ್ನುತ್ತಾರೆ. ಈ ಸೋಲು ಮಾವನಿಗೆ ಸಹಿಸಲಾಗದ್ದು. ಯಾಕೆಂದರೆ ಅವರು ಸಾಮಾನ್ಯ ಮನುಷ್ಯರಲ್ಲ, ಆರ್‌ಎಂಎಸ್‌ನಲ್ಲಿ ಸಾರ್ಟರ್ ಆಗಿದ್ದವರು.

ರೈಲ್ವೆ ಮೇಲ್ ಸರ್ವಿಸ್ ಎಂದರೆ ಈಗಿನ ಹುಡುಗರಿಗೆ ವಿವರಿಸಬೇಕು. ರೈಲಿನಲ್ಲೇ ಟಪಾಲಿಗೆಂದು ಒಂದು ಬೋಗಿ. ಗೋಡೆ ತುಂಬ ಊರಿಗೊಂದು ಖಾನೆ. ರಾತ್ರಿಯಿಡೀ ಅಲ್ಲಾಡುವ ಗಾಡಿಯಲ್ಲಿ ನಿಂತು, ಮುಂದಿನ ಸ್ಟೇಷನ್ ಬರುವುದರೊಳಗೆ ಆ ಊರಿನ ಕಾಗದಗಳನ್ನು ಖಾನೆಗೆ ಹಾಕಿ, ಕಟ್ಟು ಕಟ್ಟಿ, ಚೀಲಕ್ಕೆ ಅರಗಿನ ಮುದ್ರೆ ಒತ್ತಿ ಇಳಿಸಬೇಕಿತ್ತು. ಮಾವ ಬೆಂಗಳೂರು, ಹುಬ್ಬಳ್ಳಿ ನಡುವೆ ಮೀಟರ್ ಗೇಜಿನ ಕಾಲದಲ್ಲಿ ಹೀಗೆ ನಿಂತವರು. ಊರಿನ ಪೋಸ್ಟ್ ಡಬ್ಬಿ ತಪ್ಪಿಸಿಕೊಂಡವರು ಪ್ಲಾಟ್‌ಫಾರ್ಮಿಗೆ ಓಡಿಬಂದು, ಲೇಟ್ ಫೀ ಸ್ಟಾಂಪು ಹೆಚ್ಚಿಗೆ ಅಂಟಿಸಿ, ಬೋಗಿಗೇ ಕಾಗದ ಹಾಕುತ್ತಿದ್ದರಂತೆ. ತಡವಾದದ್ದಕ್ಕೆ ದಂಡ ಕಟ್ಟಿ, ತಡವಾಗದಂತೆ ತಲುಪಿಸುವ ವ್ಯವಸ್ಥೆ! ಇದನ್ನು ಹೇಳುವಾಗ ಮಾವನ ಮುಖ ನೋಡಬೇಕು.

ಅವರ ತಕರಾರೂ ಈ ಮೂಲದ್ದೇ. ಕಾಗದದ ಮೇಲೆ ಹೊರಟ ಊರಿನ ಮುದ್ರೆ ಇರುತ್ತಿತ್ತು, ಸೇರಿದ ಊರಿನ ಮುದ್ರೆಯೂ ಇರುತ್ತಿತ್ತು. ತಡವಾದರೆ ಎಲ್ಲಿ ಕೂತಿತ್ತು ಎಂದು ಬೆರಳಿಟ್ಟು ತೋರಿಸಬಹುದಿತ್ತು. "ಈ ಮೆಸೇಜು ಬೆಳಿಗ್ಗೆ ಏಳಕ್ಕೆ ಹೊರಟಿದೆ, ರಾತ್ರಿ ಒಂಬತ್ತಕ್ಕೆ ಬಂದಿದೆ. ಮಧ್ಯೆ ಹದಿನಾಲ್ಕು ಗಂಟೆ ಎಲ್ಲಿತ್ತು? ಹೇಳು ನೋಡೋಣ." ನಾನು ಸರ್ವರ್ ಎಂದೇನೋ ಗೊಣಗಿದೆ. "ಯಾವ ಊರು ಅದು?" ಎಂದರು.

ಕೊನೆಗೆ ಎರಡು ದಿನ ರಜೆ ಹಾಕಿ ಅರಸೀಕೆರೆಗೇ ಹೋದೆ. ಕಾಫಿ ಕೊಡುವುದಕ್ಕೆ ಮೊದಲೇ ಮಾವ ಒಂದು ರೂಲ್ ಹಾಕಿದ ನೋಟ್‌ಬುಕ್ ತಂದು ಮುಂದಿಟ್ಟರು. ಹೊರಟ ವೇಳೆ, ಸೇರಿದ ವೇಳೆ, ತಡ, ಷರಾ ಎಂದು ಕೆಂಪು ಶಾಯಿಯ ಗೆರೆ. ನಾಲ್ಕು ತಿಂಗಳಿನ ಪ್ರತಿ ಮೆಸೇಜಿನ ಜಾತಕ. ಕೊಬ್ಬರಿ ರೇಟಿನ ಮೆಸೇಜು ಐದು ಗಂಟೆ ತಡ. ತಂಗಿಯ ಮಗನ ರಿಸಲ್ಟು ಒಂಬತ್ತು ಗಂಟೆ ತಡ. ಏಕಾದಶಿಯ ಶುಭಾಶಯ ದ್ವಾದಶಿಯಂದು. ನಮ್ಮ ಕಂಪನಿಯಲ್ಲಿ ಇಷ್ಟು ಚೊಕ್ಕವಾಗಿ ಲೆಕ್ಕ ಇಟ್ಟವರನ್ನು ನಾನು ಕಂಡಿಲ್ಲ, ನನ್ನನ್ನೂ ಸೇರಿಸಿ.

ಫೋನು ಕೈಗೆತ್ತಿಕೊಂಡೆ. ಒಳಗೆ ಜಾಗವೇ ಇರಲಿಲ್ಲ. ಸೂರ್ಯೋದಯ, ಗುಲಾಬಿ, ಗಣಪತಿ, ಗಣಪತಿಯ ಮೇಲೆ ಗುಲಾಬಿ. ಎರಡು ಸಾವಿರ ಚಿಲ್ಲರೆ ಶುಭೋದಯಗಳನ್ನು ಅಳಿಸಿದೆ. ಬ್ಯಾಂಕಿನ ಆ್ಯಪು ಈ ಫೋನಿಗೆ ಯಾವತ್ತೋ ಸೋಡಾಚೀಟಿ ಕೊಟ್ಟಿತ್ತು. ಓಟಿಪಿ ತಡವಾಗುವುದು ಬೇರೆಯೇ ರೋಗ ಎಂದು ತಿಳಿಸಿದೆ. ಅದು ಎಸ್ಸೆಮ್ಮೆಸ್ಸು, ಮೊಬೈಲ್ ಟವರಿನ ದಾರಿಯಲ್ಲಿ ಬರುವಂಥದ್ದು. ಮಾವ ತೆಂಗಿನ ತೋಟದ ಮೂಲೆಯಲ್ಲಿ, ಸಿಗ್ನಲ್ಲೇ ಇಲ್ಲದ ಕಡೆ ನಿಂತು ಕಾದರೆ ಯಾವ ಸೆಟ್ಟಿಂಗ್ಸೂ ಅದನ್ನು ತರಲಾರದು.

ಆಮೇಲೆ ಮುಖ್ಯ ವಿಷಯಕ್ಕೆ ಬಂದೆ. ಮಾವನ ಫೋನಿನಲ್ಲಿರುವುದು ಆಂಡ್ರಾಯ್ಡ್ 6, 2015ರಲ್ಲಿ ಬಂದದ್ದು. ಡೋಜ್ ಎಂಬ ತೂಕಡಿಕೆ ಆಗಲೇ ಶುರುವಾಯಿತು. ಚಾರ್ಜಿಗೆ ಹಾಕದೆ, ಸ್ಕ್ರೀನ್ ಆರಿಸಿ, ಅಲ್ಲಾಡಿಸದೆ ಫೋನನ್ನು ಒಂದು ಕಡೆ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಅದು ನಿದ್ದೆಗೆ ಜಾರುತ್ತದೆ. ಬ್ಯಾಟರಿ ಉಳಿಯಲಿ ಅಂತ ಆ್ಯಪುಗಳಿಗೆ ಇಂಟರ್‌ನೆಟ್ ಕೊಡುವುದಿಲ್ಲ. ನಡುನಡುವೆ ಒಂದೊಂದು ಸಲ ಎದ್ದು, ಬಂದು ಬಿದ್ದಿರುವುದನ್ನೆಲ್ಲ ಒಟ್ಟಿಗೆ ತೆಗೆದುಕೊಂಡು ಮತ್ತೆ ಮಲಗುತ್ತದೆ. ಮಲಗಿದಷ್ಟೂ ಏಳುವ ನಡುವಿನ ಅಂತರ ಹೆಚ್ಚುತ್ತ ಹೋಗುತ್ತದೆ.

ಇದನ್ನು ನಾನೇ ಮೂರು ಸಲ ಓದಿ ಅರ್ಥ ಮಾಡಿಕೊಂಡಿದ್ದೆ. ಮಾವನಿಗೆ ಒಂದೇ ಸಲಕ್ಕೆ ಹೊಳೆಯಿತು. "ಅಂದ್ರೆ ಬ್ಯಾಗ್ ಕ್ಲೋಸಿಂಗು! ಬಿಡಿಬಿಡಿಯಾಗಿ ಕಳಿಸಲ್ಲ, ಚೀಲ ತುಂಬಿದ ಮೇಲೆ ಇಳಿಸ್ತಾನೆ."

"ಹೂಂ ಮಾವ. ಅರ್ಜೆಂಟ್ ಅಂತ ಗುರುತು ಹಾಕಿ ಕಳಿಸಿದ್ದಕ್ಕೆ ಮಾತ್ರ ನಡುವೆ ಎಬ್ಬಿಸೋ ಹಕ್ಕಿದೆ."

"ಎಕ್ಸ್‌ಪ್ರೆಸ್ ಡೆಲಿವರಿ. ಮತ್ತೆ ಒಂದೊಂದು ಆ್ಯಪಿಗೂ ಒಬ್ಬೊಬ್ಬ ಪೋಸ್ಟ್‌ಮ್ಯಾನೇನು?"

ಇಲ್ಲ, ಗೂಗಲ್‌ನ ಒಂದೇ ಸಂಪರ್ಕದಲ್ಲಿ ಎಲ್ಲ ಆ್ಯಪುಗಳ ಕರೆಯೂ ಬರುತ್ತದೆ ಎಂದೆ. ಮಾವ ತೃಪ್ತಿಯಿಂದ ತಲೆದೂಗಿದರು. ಇಪ್ಪತ್ತು ವರ್ಷದ ನನ್ನ ಕಂಪ್ಯೂಟರ್ ಖ್ಯಾತಿ ಆ ಹತ್ತು ನಿಮಿಷದಲ್ಲಿ ಅವರ ಕೈಗೆ ಹೋಯಿತು.

ಹೋದದ್ದು ಒಳ್ಳೆಯದಾಯಿತೆಂದು ಹೇಳಲಾರೆ. ಮಧ್ಯಾಹ್ನ ಒಂದು ನಿದ್ದೆ ತೆಗೆದು ಎದ್ದು ನೋಡುತ್ತೇನೆ, ನಡುಮನೆಯ ಉಯ್ಯಾಲೆಮಣೆಯ ಮೇಲೆ ನಾಲ್ಕು ಮಡಿಕೆಯ ಟವೆಲ್, ಟವೆಲ್ ಮೇಲೆ ಫೋನು. ಮಾವ ಕುರ್ಚಿಯಲ್ಲಿ ಕೂತು ಕಾಲ ಹೆಬ್ಬೆರಳಿನಿಂದ ಉಯ್ಯಾಲೆ ತೂಗುತ್ತ ಪೇಪರು ಓದುತ್ತಿದ್ದಾರೆ. "ಅಲ್ಲಾಡ್ತಿದ್ರೆ ಮಲಗಲ್ಲ ಅಂದೆಯಲ್ಲ." ಅಡುಗೆಮನೆಯ ಬಾಗಿಲಲ್ಲಿ ನಿಂತ ಅತ್ತೆ ಹಣೆ ಚಚ್ಚಿಕೊಂಡರು. "ಎರಡು ಮಕ್ಕಳನ್ನ ಹೆತ್ತೆ, ಒಂದು ದಿನ ತೊಟ್ಟಿಲು ತೂಗಿದ ಮನುಷ್ಯನಲ್ಲ." ಲೋಕದಲ್ಲಿ ಎಚ್ಚರವಾಗಿರಲೆಂದು ಉಯ್ಯಾಲೆ ತೂಗಿಸಿಕೊಂಡ ಜೀವ ಅದೊಂದೇ ಇರಬೇಕು.

ಅಂದು ಸಂಜೆಯೂ ಮೆಸೇಜುಗಳು ತಡವಾಗೇ ಬಂದವು. ಬ್ಯಾಟರಿ ಆಪ್ಟಿಮೈಸೇಷನ್ ಪಟ್ಟಿಯಿಂದ ವಾಟ್ಸ್ಆ್ಯಪನ್ನು ಬಿಡಿಸಿದ್ದೆ. ಆಟೋಸ್ಟಾರ್ಟಿಗೆ ಅನುಮತಿ ಕೊಟ್ಟಿದ್ದೆ. ಬ್ಯಾಕ್‌ಗ್ರೌಂಡ್ ಡೇಟಾವನ್ನೂ ನೋಡಿಯಾಗಿತ್ತು. ಎರಡು ಸಲ ಆಫ್ ಮಾಡಿ ಆನ್ ಮಾಡಿದ್ದೆ. ನನ್ನ ನಿಜವಾದ ವಿದ್ಯೆ ಅದೊಂದೇ. ಮರುದಿನ ಬೆಳಿಗ್ಗೆ, ಸೋತು ಸುಮ್ಮನೆ ಮಾವನನ್ನೇ ನೋಡುತ್ತ ಕೂತೆ. ಅವರು ಫೋನು ಎತ್ತಿಕೊಂಡರು. ಮೇಲಿನಿಂದ ಎಳೆದು ಡೇಟಾ ಆನ್ ಮಾಡಿದರು. ದಬದಬ ಮೆಸೇಜು ಬಿದ್ದವು. ಓದಿದರು, ನೋಟ್‌ಬುಕ್ಕಿನಲ್ಲಿ ಬರೆದರು. ಆಮೇಲೆ ಚೌಕದ ಗುಂಡಿ ಒತ್ತಿ, ತೆರೆದ ಆ್ಯಪುಗಳನ್ನೆಲ್ಲ ಅಂಗಳ ಗುಡಿಸಿದ ಹಾಗೆ ಬೆರಳಿನಿಂದ ಆಚೆ ತಳ್ಳಿದರು. ಕೊನೆಗೆ ಡೇಟಾ ಆಫ್ ಮಾಡಿ ಫೋನು ಕೆಳಗಿಟ್ಟರು.

"ಮಾವ, ಡೇಟಾ ಯಾಕೆ ಆಫ್ ಮಾಡಿದ್ರಿ?"

"ಓದಿ ಆಯ್ತಲ್ಲ. ಸುಮ್ನೆ ಓಡ್ತಿರಬೇಕಾ? ಟ್ಯಾಂಕ್ ತುಂಬಿದ ಮೇಲೆ ಮೋಟರ್ ಆಫ್ ಮಾಡಲ್ವಾ?"

"ಆರು ತಿಂಗಳಿಂದ ಕೇಳ್ತಾ ಇದ್ದೀನಲ್ಲ, ಡೇಟಾ ಆನ್ ಇದೆಯಾ ಅಂತ!"

"ನೀನು ಕೇಳಿದಾಗೆಲ್ಲ ಆನ್ ಮಾಡಿನೇ ಹೂಂ ಅಂದಿದ್ದೀನಿ. ಸುಳ್ಳು ಹೇಳೋ ಅಭ್ಯಾಸ ನನಗಿಲ್ಲ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಚ್ಚಲಿನ ದೀಪ ಉರಿಯುತ್ತಿದ್ದರೆ ಬೈಸಿಕೊಂಡು ಬೆಳೆದವನು ನಾನು. ಕಾಗದದ ಹಿಂಬದಿಯಲ್ಲೂ ಬರೆಯುವ, ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುವ ಆ ಕೈಗೆ, ಯಾರೂ ನೋಡದಿದ್ದಾಗಲೂ ಉರಿಯುತ್ತಲೇ ಇರಬೇಕಾದ ವಸ್ತುವೊಂದಿದೆ ಎಂದು ಹೇಗೆ ಒಪ್ಪಿಸುವುದು? ದಿನದ ಡೇಟಾ ಬಳಸದಿದ್ದರೆ ರಾತ್ರಿ ಹನ್ನೆರಡಕ್ಕೆ ಹೋಗಿಬಿಡುತ್ತದೆ ಎಂದು ವಿವರಿಸಿದ ಮೇಲೆ ಮಾವ ಬೆಚ್ಚಿದರು. "ದಿನಾ ಚೆಲ್ಲಿಹೋಗ್ತಿತ್ತೇನೋ?" ಅಂದಿನಿಂದ ಡೇಟಾ ಆನ್.

ಅವರು ಸ್ನಾನಕ್ಕೆ ಹೋದಾಗ ನೋಟ್‌ಬುಕ್ಕಿನ ಹಾಳೆ ಮಗುಚುತ್ತಿದ್ದೆ. ಹಿಂದಿನ ಪುಟಗಳಲ್ಲಿ ಇನ್ನೊಂದು ಲೆಕ್ಕವಿತ್ತು. ಮಾವ ಕಳಿಸಿದ್ದು, ಅದಕ್ಕೆ ಉತ್ತರ ಬಂದದ್ದು. ನನ್ನ ಹೆಸರಿಗೆ ಒಂದು ಪೂರ್ತಿ ಪುಟ. "ಹಬ್ಬಕ್ಕೆ ಬರ್ತೀಯಾ?": ಎರಡು ಟಿಕ್ ತಕ್ಷಣ, ಉತ್ತರ ಮೂರು ದಿನ. "ಕಾಯಿ ಕಳಿಸಿದ್ದೀನಿ, ಸಿಕ್ತಾ?": ಐದು ದಿನ. "ನಿಮ್ಮಮ್ಮನ ಮಂಡಿನೋವು ಹೇಗಿದೆ?": ಆ ಜಾಗ ಖಾಲಿ. ಷರಾ ಕಾಲಂನಲ್ಲಿ, ವಿಳಾಸದಾರ ಸಿಗದಾಗ ಅಂಚೆಯವರು ಬರೆಯುವ ಮಾತು, ಉರುಟು ಅಕ್ಷರದಲ್ಲಿ: ಡೋರ್ ಲಾಕ್ಡ್. ಕೆಳಗೆ ಸಾಲಾಗಿ ಅದರದೇ ಡಿಟ್ಟೋ ಗುರುತುಗಳು.

ನೀಲಿ ಟಿಕ್ ಕಾಣದ ಹಾಗೆ ಆಫ್ ಮಾಡಿಟ್ಟುಕೊಂಡು ಜಾಣನಾಗಿದ್ದೆ ನಾನು. ಪುಸ್ತಕ ಮೊದಲಿದ್ದ ಜಾಗದಲ್ಲೇ ಇಟ್ಟೆ. ಮಾವ ಹೊರಗೆ ಬಂದು "ಏನೋ, ಸಪ್ಪಗಿದ್ದೀಯ, ಕಾಫಿ ಬೇಕಾ?" ಎಂದರು. ಬೇಕು ಎಂದೆ.

ಮಧ್ಯಾಹ್ನದ ರೈಲು ಹತ್ತಿದೆ. ಎರಡು ದಿನ ಅವರ ಫೋನಿನ ಗಲಾಟೆಯಲ್ಲಿ ನನ್ನದಕ್ಕೆ ಚಾರ್ಜ್ ಹಾಕುವುದೇ ಮರೆತಿತ್ತು. ಬ್ಯಾಟರಿ ಸೇವರ್ ಹಾಕಿ ಜೇಬಿಗಿಟ್ಟು ಕಿಟಕಿಗೆ ತಲೆಯೊರಗಿಸಿದೆ. ತಿಪಟೂರು ಯಾವಾಗ ದಾಟಿತೋ ಗೊತ್ತಿಲ್ಲ. ಎಚ್ಚರವಾದಾಗ ಗುಬ್ಬಿ. ಎದುರಿಗಿದ್ದವರು ಚಾರ್ಜರ್ ಕೊಟ್ಟರು. ಸಿಕ್ಕಿಸಿದ ತಕ್ಷಣ ಮೂರು ಮೆಸೇಜು ಒಟ್ಟಿಗೆ ಬಿದ್ದವು, ಮೂರೂ ಮಾವನವು. ಮೊದಲನೆಯದು 3.41ಕ್ಕೆ: "ಕೋಡುಬಳೆ ಡಬ್ಬಿ ಮರೆತಿದ್ದೀಯ." 3.50: "ಸ್ಟೇಷನ್‌ಗೆ ತಂದಿದ್ದೀನಿ. ಯಾವ ಬೋಗಿ?" 3.58: "ಗಾಡಿ ಹೊರಡ್ತಾ ಇದೆ."

ಫೋನು ಮಾಡಿದೆ. ಮೂಗು ಕಟ್ಟಿದ ರಿಂಗು ಎರಡು ಸಲ ಆಗುವುದರೊಳಗೆ ಎತ್ತಿಕೊಂಡರು.

"ಮಾವ, ನಿಮ್ಮ ಮೆಸೇಜು ಈಗ ಬಂತು. ನನ್ನ ಫೋನೇ..."

"ಹೌದಾ? ಒಂದ್ನಿಮಿಷ ತಡಿ" ಎಂದರು. ಕುರ್ಚಿ ಸರಿದ ಸದ್ದು, ಹಾಳೆ ಮಗುಚಿದ ಸದ್ದು, ಪೆನ್ನಿನ ಮುಚ್ಚಳ ತೆಗೆದ ಸದ್ದು.

"ಹೂಂ, ಹೇಳು. ಎಷ್ಟು ಗಂಟೆಗೆ ಬಂತು?"