ಪುಂಜೋ, ಪೆಟ್ಟೋ?

ಶಾಂತಿನಗರದ ನಮ್ಮ ಅತ್ತೆಮನೆಯ ಅಂಗಳದಲ್ಲಿ ಕೋಳಿಗಳಿಗೂ ಎರಡು ಭಾಷೆ. ರಾಯಚೂರಿನಿಂದ ಬಂದ ನಾನು ‘ಹುಂಜ’ ಅಂದರೆ ಪಕ್ಕದ ಮನೆಯವರು ತೆಲುಗಿನಲ್ಲಿ ‘ಪುಂಜು’ ಅನ್ನುತ್ತಾರೆ. ನನ್ನ ‘ಹೇಂಟೆ’ ಅವರಿಗೆ ‘ಪೆಟ್ಟ’. ಹಾಲು-ಪಾಲು, ಹುಲಿ-ಪುಲಿಗಳ ಹಳೆಯ ನೆಂಟಸ್ತಿಕೆ, ಜಗಳಕ್ಕೆ ಕಾರಣವಿಲ್ಲ. ಜಗಳ ಬರುವುದು ಯಾವ ಮರಿಗೆ ಯಾವ ಹೆಸರು ಎಂಬಲ್ಲಿ.

ಮಕ್ಕಳ ಹಠಕ್ಕೆ, ಬೈಕಿಗೆ ಬುಟ್ಟಿ ಕಟ್ಟಿಕೊಂಡು ಬಂದವನೊಬ್ಬನ ಹತ್ತಿರ ಹತ್ತು ಮರಿ ಕೊಂಡೆವು. ಗುಲಾಬಿ, ಹಸಿರು, ನೀಲಿ. ಹೋಳಿ ಆಡಿ ಬಂದಂತಿದ್ದವು. ‘ಅನ್ನೀ ಪೆಟ್ಟಲೇ’, ಎಲ್ಲವೂ ಹೇಂಟೆಯೇ, ಎಂದು ಆತ ಆಣೆ ಇಟ್ಟ. ಹದ್ದು, ಬೆಕ್ಕು ತಮ್ಮ ಪಾಲು ತೆಗೆದುಕೊಂಡ ಮೇಲೆ ಆರು ಉಳಿದವು. ಬಣ್ಣ ಹೋಗಿ ಬಿಳಿ ಪುಕ್ಕ ಬಂತು, ಪ್ರಶ್ನೆಯೂ ಬಂತು.

ಸಣ್ಣ ಪ್ರಶ್ನೆಯಲ್ಲ. ಹೇಂಟೆಯಾದರೆ ತತ್ತಿ, ಆಯುಷ್ಯ. ಹುಂಜವಾದರೆ ಅಳಿಯ ಬರುವ ತನಕ ಮಾತ್ರ. ಹಾಗಾಗಿ ಮಕ್ಕಳು ಆರನ್ನೂ ಹೇಂಟೆ ಅಂದರು. ಮಾವ ಆರನ್ನೂ ಹುಂಜ ಅಂದರು. ಅವರ ಮಾತಿಗೆ ಮಸಾಲೆಯ ವಾಸನೆ ಇತ್ತು.

ಎದುರುಮನೆಯಾಕೆಯನ್ನು ಕೇಳಿದೆ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ನಡಿಗಡ್ಡೆಯಲ್ಲಿ ಹತ್ತಿ ಬೀಜದ ಪ್ಲಾಟುಗಳು ಬಹಳ, ಆಕೆ ಅಲ್ಲಿ ಕ್ರಾಸಿಂಗ್ ಮಾಡುವವಳು. ಸಂಜೆ ಹೆಣ್ಣುಸಾಲಿನ ಮೊಗ್ಗು ಬಿಡಿಸಿ ಕೇಸರ ಸುಲಿಯುವುದು, ಬೆಳಿಗ್ಗೆ ಗಂಡುಸಾಲಿನ ಹೂ ತಂದು ತೀಡುವುದು. ಗಂಡು ಹೆಣ್ಣಿನ ವಿಷಯ ಇವಳಿಗಿಂತ ಯಾರಿಗೆ ಗೊತ್ತು ಅಂದುಕೊಂಡೆ. ಆದರೆ ಹತ್ತಿಯ ಹೂವಿನಲ್ಲಿ ಎರಡೂ ಇರುತ್ತವೆ. ಅದನ್ನು ಹೆಣ್ಣು ಮಾಡುವುದು ಇವಳ ಉಗುರು. ಮರಿಯ ಕಾಲು ಹಿಡಿದು ತಲೆಕೆಳಗು ತೂಗಿಸಿ, ಎರಡು ಒದೆ ತಿಂದು, ‘ಹೂವೇ ವಾಸಿ’ ಎಂದು ವಾಪಸು ಕೊಟ್ಟಳು.

ಐದಾರು ವಾರಕ್ಕೇ ಜುಟ್ಟು ಕೆಂಪೇರಿದರೆ ಹುಂಜ ಎನ್ನುವುದುಂಟು. ಆರಕ್ಕೂ ಕೆಂಪೇರಿತು. ಅತ್ತೆ ಬಿಡಲಿಲ್ಲ: ‘ಫಾರಂ ಕೋಳಿಗೆ ಹ್ಯಾಂಟಿಗೂ ಜುಟ್ಟು ದೊಡ್ಡದs.’ ಅದೂ ನಿಜ, ಲೆಗ್‌ಹಾರ್ನ್ ಹೇಂಟೆಯ ಜುಟ್ಟು ಬೆಳೆದ ಮೇಲೆ ಕಣ್ಣಿನ ಮೇಲೆ ಜೋತುಬೀಳುತ್ತದೆ. ಕಾಲು ದಪ್ಪವೇ, ನಿಲುವು ನೆಟ್ಟಗಿದೆಯೇ ಎಂದೂ ನೋಡಿದೆವು. ದಪ್ಪ ಅಂದರೆ ಯಾವುದಕ್ಕಿಂತ? ಆರೂ ಒಂದೇ ಅಚ್ಚಿನವು.

ಮೂರು ತಿಂಗಳಿಗೆ ಸೊಂಟದ ಗರಿ ನೋಡಿದೆ. ಹೇಂಟೆಯದು ತುದಿ ದುಂಡಗೆ, ಹುಂಜದ್ದು ಈಟಿಯಂತೆ ಚೂಪು. ಆರೂ ಚೂಪು. ಮಕ್ಕಳು ಆಗಲೂ ಒಪ್ಪಲಿಲ್ಲ. ಮರುದಿನ ನಸುಕಿಗೆ ಅವರು ‘ಲಕ್ಷ್ಮಿ’ ಎಂದು ಕರೆಯುತ್ತಿದ್ದ ಕೋಳಿ ಗೋಡೆ ಹತ್ತಿ, ಕೆಟ್ಟ ಬಸ್ಸಿನ ಹಾರನ್ನಿನಂತೆ ಕೂಗಿತು.

ಆಮೇಲೆ ತಿಳಿಯಿತು. ತತ್ತಿ ಕೋಳಿಯ ಹ್ಯಾಚರಿಗಳಲ್ಲಿ ಒಂದು ದಿನದ ಮರಿಯ ಹಿಂಬದಿ ಬಿಡಿಸಿ, ಒಳಗಿನ ಸಾಸಿವೆಗಿಂತ ಸಣ್ಣ ಗಂಟು ನೋಡಿ ಗಂಡು ಹೆಣ್ಣು ಬೇರೆ ಮಾಡುತ್ತಾರೆ. 1920ರ ದಶಕದಲ್ಲಿ ಜಪಾನಿನವರು ಕಂಡುಕೊಂಡ ವಿದ್ಯೆ. ಪಳಗಿದ ಕೈ ಗಂಟೆಗೆ ಸಾವಿರದಷ್ಟು ಮರಿ ನೋಡುತ್ತದೆ. ತತ್ತಿ ಇಡದ, ಬೇಗ ಮೈ ತುಂಬದ ಗಂಡುಮರಿ ಅವರಿಗೆ ಬೇಡ. ಜರ್ಮನಿಯಲ್ಲಿ 2022ರಿಂದ ಅಂಥವನ್ನು ಕೊಲ್ಲುವಂತಿಲ್ಲ. ನಮ್ಮ ಕಡೆ ಬಣ್ಣದಲ್ಲಿ ಅದ್ದಿ ಬೀದಿಗೆ ಬರುವವು ಹೆಚ್ಚಾಗಿ ಇವೇ. ನಾವು ಮೂರು ತಿಂಗಳು ಕಿತ್ತಾಡಿದ್ದನ್ನು ಯಾರದೋ ಹೆಬ್ಬೆರಳು ಮೊದಲ ದಿನವೇ ಇತ್ಯರ್ಥ ಮಾಡಿತ್ತು. ಗುಲಾಬಿ ಬಣ್ಣವೇ ತೀರ್ಪು, ನಮಗೆ ಓದಲು ಬರಲಿಲ್ಲ. ಆರರ ಗತಿ ಕೇಳಬೇಡಿ. ಅಳಿಯ ಎರಡು ಸಲ ಬಂದುಹೋದ.

ಈಗ ಅತ್ತೆ ಜವಾರಿ ಕೋಳಿಯನ್ನು ಕಾವಿಗೆ ಕೂರಿಸಿದ್ದಾರೆ. ದುಂಡಗಿನ ತತ್ತಿ ಹೆಣ್ಣು, ಚೂಪಿನದು ಗಂಡು ಎಂದು ದುಂಡಗಿನವನ್ನೇ ಆರಿಸಿಟ್ಟರು. ರೋಮಿನ ಕೊಲುಮೆಲ್ಲನೂ ಗಂಡುಮರಿ ಬೇಕಾದರೆ ಚೂಪು ತತ್ತಿ ಇಡಿ ಎಂದಿದ್ದ. ಅರಿಸ್ಟಾಟಲ್ ಸರಿ ಉಲ್ಟಾ ಬರೆದಿದ್ದ. ತತ್ತಿಯ ಆಕಾರಕ್ಕೂ ಮರಿಗೂ ಸಂಬಂಧವಿಲ್ಲ. ಹುಂಜ ಕೊಡುವುದು ಯಾವಾಗಲೂ ಒಂದೇ ಬಗೆಯ ವರ್ಣತಂತು, ಗಂಡೋ ಹೆಣ್ಣೋ ಎಂಬುದು ಹೇಂಟೆಯ ಕಡೆಯಿಂದಲೇ ಎಂದು ಅತ್ತೆಗೆ ಬಿಡಿಸಿ ಹೇಳಿದೆ. ಇಬ್ಬರು ಹೆಣ್ಣುಮಕ್ಕಳ ತಾಯಿಯಾದ ನಾನು ಈ ಪಾಠ ಎತ್ತಬಾರದಿತ್ತು.

‘ಹಂಗಾದ್ರ ಬೈಯಾಕ ಇಲ್ಲೂ ಒಬ್ಬಾಕಿ ಸಿಕ್ಕಳು’ ಎಂದು ಅತ್ತೆ ಬುಟ್ಟಿಗೆ ಕೈ ಹಾಕಿದರು. ಕಾವಿನ ಕೋಳಿ ಚೆನ್ನಾಗಿ ಕುಕ್ಕಿತು.