ಹೆಪ್ಸಾಧಿಕರಣ

ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಪ್ರಯೋಜನ ಎಂಬ ಐದು ಅಂಗಗಳಿಲ್ಲದೆ ಯಾವ ವಿಚಾರವನ್ನೂ ಎತ್ತಬಾರದೆಂಬುದು ಶಾಸ್ತ್ರಜ್ಞರ ಕಟ್ಟುಪಾಡು. ಮಧ್ವಾಚಾರ್ಯರ ಉಡುಪಿಯಲ್ಲಿ ಕೂತು, ಪಿಯುಸಿ ಪ್ರವೇಶದಂಥ ಗಹನ ವಿಚಾರವನ್ನು ಈ ಕ್ರಮ ಬಿಟ್ಟು ಚರ್ಚಿಸುವ ಧೈರ್ಯ ನಮಗಿಲ್ಲ.

ವಿಷಯ: ಎಸ್ಸೆಸ್ಸೆಲ್ಸಿ ದಾಟಿದ ಜೀವವು ಇತಿಹಾಸವನ್ನು ತಾನಾಗಿ ಆರಿಸಿಕೊಳ್ಳುವುದು. ಸಂಶಯ: ಅಂಥ ಜೀವ ಉಂಟೋ, ಇಲ್ಲವೋ?

ಇಲ್ಲ ಎಂಬುದು ಪೂರ್ವಪಕ್ಷ. ಪೂರ್ವಪಕ್ಷಿಗಳೆಂದರೆ ಹೆತ್ತವರು. ದ್ವೈತಿಗಳು ಒಪ್ಪುವ ಮೂರೂ ಪ್ರಮಾಣಗಳು ಅವರ ಕೈಯಲ್ಲಿವೆ. ಪಕ್ಕದ ಮನೆಯ ಹುಡುಗ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿರುವುದು ಪ್ರತ್ಯಕ್ಷ. ಅವನಿಗಾದದ್ದು ನಮ್ಮವನಿಗೂ ಆದೀತೆಂಬುದು ಅನುಮಾನ. ದುಬೈಯ ಸೋದರಮಾವ ವಾಟ್ಸಾಪಿನಲ್ಲಿ ಕಳಿಸಿದ್ದು ಆಗಮ. ಮೊದಲು ಬರೆದವರು ಯಾರೆಂದು ಯಾರಿಗೂ ತಿಳಿಯದ ಕಾರಣ ಅದು ಅಪೌರುಷೇಯವೂ ಹೌದು.

ಇನ್ನು ತಾರತಮ್ಯ. ಪಿಸಿಎಂಬಿ ಸರ್ವೋತ್ತಮ. ಅದರ ಕೆಳಗೆ ಪಿಸಿಎಂಸಿ, ಅದರ ಕೆಳಗೆ ವಾಣಿಜ್ಯ. ಎಲ್ಲಕ್ಕೂ ಕೆಳಗೆ ಹೆಪ್ಸ್, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಜೀವರಲ್ಲಿಯೂ ಮೂರು ವರ್ಗ: ತೊಂಬತ್ತೈದರ ಮೇಲಿನವರು ಮುಕ್ತಿಯೋಗ್ಯರು, ಎಂಬತ್ತರ ಆಸುಪಾಸಿನವರು ಲೆಕ್ಕ ಬರೆಯುತ್ತಲೇ ಇರಬೇಕಾದ ನಿತ್ಯಸಂಸಾರಿಗಳು. ಮೂರನೆಯ ವರ್ಗದ ಹೆಸರನ್ನು ಹೇಳಿದರೆ ಕಲಾವಿಭಾಗದ ಉಪನ್ಯಾಸಕರು ಬೇಸರಪಟ್ಟಾರು.

ಪ್ರವೇಶದ ದಿನಗಳಲ್ಲಿ ಯಾವುದೇ ಕಾಲೇಜಿನ ಕೌಂಟರಿನ ಬಳಿ ನಿಂತರೆ ಈ ಸಂವಾದ ಕಿವಿಗೆ ಬೀಳುತ್ತದೆ. “ಎಂತ ಕಾಂಬಿನೇಷನ್?” “ಹೆಪ್ಸ್.” ಗುಮಾಸ್ತರು ಪೆನ್ನು ಕೆಳಗಿಟ್ಟು, ಕನ್ನಡಕದ ಮೇಲಿನಿಂದ ಅಂಕಪಟ್ಟಿ ನೋಡಿ, ದನಿ ತಗ್ಗಿಸುತ್ತಾರೆ: “ಮಾರ್ಕ್ ಒಳ್ಳೇದುಂಟಲ್ಲ ಮಾರಾಯ್ರೆ, ಮನೆಯಲ್ಲಿ ಏನಾದ್ರೂ ತೊಂದರೆಯಾ?”

ಕಾರ್ಕಳದ ಸಾಕ್ಷ್ಯವೂ ಮೇಲ್ನೋಟಕ್ಕೆ ಪೂರ್ವಪಕ್ಷದ ಕಡೆಗೇ ವಾಲುತ್ತದೆ. ಅಲ್ಲಿ 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ ಸುಮಾರು 42 ಅಡಿಯ ಗೊಮ್ಮಟನಿದ್ದಾನೆ. ಎದುರಿಗೆ 1436ರ ಬ್ರಹ್ಮದೇವ ಕಂಬ. ಕೆಳಗೆ 1586ರ ಚತುರ್ಮುಖ ಬಸದಿ, ನಾಲ್ಕು ದಿಕ್ಕಿಗೂ ನಾಲ್ಕು ಬಾಗಿಲು, ಯಾವ ಕಡೆಯಿಂದ ಬಂದರೂ ಒಂದೇ ನೋಟ. ಇಂದಿನ ಮಕ್ಕಳೂ ಯಾವ ಹೈಸ್ಕೂಲಿನಿಂದ ಬಂದರೂ ವಿಜ್ಞಾನವನ್ನೇ ಕಾಣುವುದಕ್ಕೆ ಇದೇ ವಾಸ್ತು ಪ್ರೇರಣೆಯಿರಬೇಕು. ಕಾಪುವಿನ ಕತೆಯೂ ಅದೇ. 1901ರ ದೀಪಸ್ತಂಭ ಹಡಗುಗಳಿಗೆ ದಾರಿ ತೋರಿದ್ದು ನಿಜ, ಇತಿಹಾಸದ ತರಗತಿಗೆ ಯಾರಿಗೂ ತೋರಿದಂತಿಲ್ಲ. 1526, 1556, 1761 ಎಂದು ಪಾಣಿಪತದ ಮೂರು ಯುದ್ಧಗಳ ಇಸವಿಯನ್ನು ಒಂದೇ ಉಸಿರಿಗೆ ಒಪ್ಪಿಸುವ ಹುಡುಗಿಗೆ, ಆಳುಪರ ರಾಜಧಾನಿಯಾಗಿದ್ದ ಬಾರ್ಕೂರು ಎಂದರೆ ಅತ್ತೆಯ ಮನೆ ಇರುವ ಊರು, ಅಷ್ಟೆ.

ಈಗ ಸಿದ್ಧಾಂತ. ಅಂಥ ಜೀವ ಉಂಟು, ಆದರೆ ಅಜ್ಞಾತವಾಸದಲ್ಲಿ. ವಾಣಿಜ್ಯದವರ ‘ಹೆಬಾ’ವನ್ನು ಬಿಡಿಸಿದರೆ ಮೊದಲಕ್ಷರವೇ ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಆಮೇಲೆ. ಬೃಹನ್ನಳೆಯ ವೇಷದಲ್ಲಿ ಅರ್ಜುನನೇ ಇದ್ದಂತೆ, ಬ್ಯಾಲೆನ್ಸ್ ಶೀಟಿನ ಪಕ್ಕದಲ್ಲಿ ಅಶೋಕ ಕೂತಿದ್ದಾನೆ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕನ್ನೂ 1925ರಲ್ಲಿ ಸಿಂಡಿಕೇಟ್ ಬ್ಯಾಂಕನ್ನೂ ಹೆತ್ತ ಊರಿನಲ್ಲಿ ಇತಿಹಾಸಕ್ಕೆ ಇದಕ್ಕಿಂತ ಸುರಕ್ಷಿತ ಲಾಕರ್ ಸಿಗದು. ಆ ಎರಡೂ ಬ್ಯಾಂಕುಗಳು 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ಲೀನವಾಗಿ ತಾವೇ ಇತಿಹಾಸದ ಪಾಠವಾದವು ಎಂಬುದು ಬೇರೆ ಮಾತು.

ದೃಷ್ಟಾಂತ ಮಣಿಪಾಲದಲ್ಲೇ ಉಂಟು. ಕುಂಜೂರಿನ ಚೌಕಿಮನೆ, ಕುಕನೂರಿನ ಕಮಲ್ ಮಹಲ್ ಮೊದಲಾದವನ್ನು ಬಿಚ್ಚಿ ತಂದು ಹಸ್ತಶಿಲ್ಪ ಗ್ರಾಮದಲ್ಲಿ ಮರಳಿ ಕಟ್ಟಿದ ವಿಜಯನಾಥ ಶೆಣೈ ಬ್ಯಾಂಕ್ ಉದ್ಯೋಗಿಯಾಗಿದ್ದರು. ಊರಿನ ಹಳೆಯ ಮನೆಗಳನ್ನು ಮಾರಿ ಮಕ್ಕಳನ್ನು ಎಂಜಿನಿಯರ್ ಮಾಡಿದವರು, ಈಗ ಟಿಕೆಟ್ ಕೊಟ್ಟು ಅದೇ ಬಗೆಯ ಜಗಲಿ ನೋಡಿ ಬರುತ್ತಾರೆ.

ಇನ್ನೊಂದು ಆಧಾರ. ಸಂಸ್ಕೃತಿ ಅಧ್ಯಯನ ಬೇಡವೆಂದ ಮಕ್ಕಳು ಕ್ಲಾಸಿನ ಹೊರಗೆ ಅದನ್ನೇ ಮಾಡುತ್ತಿರುತ್ತಾರೆ. ಪರ್ಯಾಯ ಶಿರೂರಿನ ಬಳಿಕ ಸೋದೆ ಮಠಕ್ಕೆಂದು ಲೆಕ್ಕ ಹಾಕಿ ಹೇಳುವ ಪಿಸಿಎಂಬಿ ಹುಡುಗನನ್ನು ನೋಡಿ. ಎಂಟು ಮಠ, ತಲಾ ಎರಡು ವರ್ಷ, ಹದಿನಾರು ವರ್ಷಕ್ಕೊಂದು ಸುತ್ತು. ಇದನ್ನೇ ಕಾಲಗಣನೆ ಎಂದು ಪಠ್ಯದಲ್ಲಿ ಹಾಕಿದರೆ ಅವನು ಫೇಲಾಗುತ್ತಾನೆ. ನೇಮದ ರಾತ್ರಿ ಕೂತು ಪಾಡ್ದನ ಕೇಳುವವನಿಗೆ ದೈವ ಯಾವ ಘಟ್ಟ ಇಳಿದು ಬಂತು, ಯಾವ ಗುತ್ತಿನಲ್ಲಿ ನೆಲೆಯಾಯಿತು ಎಂಬ ಸ್ಥಳೀಯ ಚರಿತ್ರೆ ಪೂರ್ತಿ ಗೊತ್ತು. ಯಕ್ಷಗಾನದ ಪ್ರಸಂಗದಲ್ಲಿ ಭಾಗವತರು ಒಂದು ಪದ ಬಿಟ್ಟರೂ ಇವನಿಗೆ ತಿಳಿಯುತ್ತದೆ. ನಮ್ಮ ಅಭಿಪ್ರಾಯದಲ್ಲಿ ತಪ್ಪು ಮಗುವಿನದಲ್ಲ, ಈ ಯಾವುದನ್ನೂ ಒಳಗೆ ಬಿಟ್ಟುಕೊಳ್ಳದ ಟೈಮ್ ಟೇಬಲ್ಲಿನದು.

ಉಳಿದದ್ದು ಪ್ರಯೋಜನ. ಪಾದೂರು ಗುರುರಾಜ ಭಟ್ಟರು ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಊರೂರು ತಿರುಗಿ, ಕಲ್ಲು, ಮೂರ್ತಿ, ಶಾಸನಗಳನ್ನು ಹುಡುಕಿ, 1975ರಲ್ಲಿ ತುಳುನಾಡಿನ ಇತಿಹಾಸ, ಸಂಸ್ಕೃತಿಗಳ ಮೇಲೆ ಬೃಹತ್ ಗ್ರಂಥ ತಂದರು. ಕಾರ್ಕಳಕ್ಕೂ ಬಾರ್ಕೂರಿಗೂ ಈಗ ಸರ್ವಿಸ್ ಬಸ್ಸುಂಟು. ಇತಿಹಾಸ ಉಪನ್ಯಾಸಕರಲ್ಲಿ ಅರಿಕೆ ಇಷ್ಟೆ: ಆಂತರಿಕ ಅಂಕದ ಪ್ರಾಜೆಕ್ಟಿಗೆ ಈ ವರ್ಷವಾದರೂ ಸೈಬರ್ ಅಂಗಡಿಯಲ್ಲಿ ಪ್ರಿಂಟ್ ತೆಗೆದ ತಾಜ್‌ಮಹಲನ್ನು ತೆಗೆದುಕೊಳ್ಳಬೇಡಿ.